ಅವ್ವನ ಹೆಗಲುನೋವು

ನಾನು ವೈದ್ಯಳಲ್ಲ, ದಾದಿಯೂ ಅಲ್ಲ. ಗದಗಿನ ಕಡೆಯಿಂದ ಬಂದು, ಕಾತ್ರಜದ ಘಟ್ಟದ ಬುಡದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಸಂಸಾರ ಹೂಡಿಕೊಂಡಿರುವ ಒಬ್ಬ ಸಾಧಾರಣ ಗೃಹಿಣಿ. ಇಂಥವಳು ಕ್ಷ-ಕಿರಣದ ವಿಷಯವಾಗಿ ಬರೆಯಹೊರಟರೆ ಬಲ್ಲವರು ನಕ್ಕಾರು. ನಗಲಿ. ಮೂರು ವರ್ಷದ ಹಿಂದೆ ನಮ್ಮ ಅವ್ವನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದಾಗ ಆ ಕಿರಣ ತೋರಿಸಿದ್ದೇನು, ತೋರಿಸಲಾರದೆ ಹೋದದ್ದೇನು, ನಡುವೆ ನಾನು ಮಾಡಿದ ತಪ್ಪೇನು ಎಂಬುದನ್ನು ನಮ್ಮಂತೆ ಪರಭಾಷೆಯ ಊರಿನಲ್ಲಿ ಬಾಳುವೆ ಮಾಡುತ್ತಿರುವ ಮನೆಗಳಿಗೆ ತಿಳಿಸದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ಕಾತ್ರಜವೆಂದರೆ ಪುಣೆಯವರಿಗೆ ಪ್ರಾಣಿಸಂಗ್ರಹಾಲಯ, ಹಾವಿನ ಉದ್ಯಾನ, ಹಾಲಿನ ಡೇರಿ. ನಮ್ಮವರಿಗೆ ಮಾತ್ರ ಅದು ಊರಿನ ಬಾಗಿಲು. ಸಾತಾರಾ, ಕೊಲ್ಹಾಪುರ, ಬೆಳಗಾವಿ ಎಂದು ಹೊರಡುವ ದಾರಿ ಪೇಟೆಯ ಗದ್ದಲ ಬಿಟ್ಟು ಘಟ್ಟ ಹಿಡಿಯುವುದು ಇಲ್ಲಿಂದಲೇ. ಆ ವರ್ಷ ಶ್ರಾವಣಕ್ಕೆಂದು ಅವ್ವ ರಾತ್ರಿಯ ಬಸ್ಸಿನಲ್ಲಿ ಬಂದು ಬೆಳಗಿನ ಜಾವ ಕಾತ್ರಜದ ಚೌಕದಲ್ಲಿ ಇಳಿದಳು. ಒಂದು ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಇನ್ನೊಂದು ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ. ಆಗ ಅವಳಿಗೆ ಎಪ್ಪತ್ತೊಂದು ವರ್ಷ. ನಮ್ಮ ಮನೆಯ ಮೂರು ಮಾಳಿಗೆಯನ್ನು ನನಗಿಂತ ಚುರುಕಾಗಿ ಹತ್ತಿಬಿಟ್ಟಳು.

ಹದಿನೈದು ದಿನ ಕಳೆದಿರಬೇಕು. ಒಂದು ಸಂಜೆ ಹೊಟ್ಟೆ ಹಿಂಡುತ್ತದೆ ಎಂದಳು. ಓಂಕಾಳಿನ ಕಷಾಯ ಕೊಟ್ಟೆ. ರಾತ್ರಿಯೆಲ್ಲ ವಾಂತಿ. ಬೆಳಗಾಗುವುದರೊಳಗೆ ಹೊಟ್ಟೆ ಉಬ್ಬಿ, ಗಾಳಿ ಸಹ ಹೋಗದಂತಾಯಿತು. ಹತ್ತಿರದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಅಲ್ಲಿ ಮೊದಲು ಮಾಡಿದ ಕೆಲಸವೇ ಕ್ಷ-ಕಿರಣದ ಚಿತ್ರ. ಬಾಗಿಲ ಮೇಲೆ ಮರಾಠಿಯಲ್ಲಿ ‘ಕ್ಷ-ಕಿರಣ ವಿಭಾಗ’ ಎಂದೇ ಬರೆದಿತ್ತು. ಆ ಗಾಬರಿಯಲ್ಲಿಯೂ, ಇದೊಂದು ಶಬ್ದವನ್ನಾದರೂ ಭಾಷಾಂತರಿಸಬೇಕಾಗಿಲ್ಲವಲ್ಲ ಎಂದು ನನಗೆ ಅನ್ನಿಸಿದ್ದುಂಟು. ಚಿತ್ರದಲ್ಲಿ ಕರುಳಿನ ಸುರುಳಿಗಳು ಉಬ್ಬಿ, ಒಳಗೆ ನಿಂತ ನೀರೂ ಗಾಳಿಯೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದುವು. ಕರುಳು ಕಟ್ಟಿಕೊಂಡಿದೆ ಎಂದರು. ಮೂವತ್ತು ವರ್ಷದ ಹಿಂದೆ ಅವ್ವನ ಗರ್ಭಕೋಶ ತೆಗೆದಿದ್ದರು. ಆ ಹಳೆಯ ಗಾಯ ಮಾಯುವಾಗ ಒಳಗೆ ಹುಟ್ಟಿದ ನಾರಿನಂಥ ಎಳೆಯೊಂದು ಈಗ ಸಣ್ಣ ಕರುಳಿಗೆ ಉರುಲಾಗಿತ್ತು. ಅದೇ ರಾತ್ರಿ ಹೊಟ್ಟೆ ತೆರೆದರು. ಗೇಣುದ್ದ ಕರುಳು ಕಪ್ಪಾಗಿ ಸತ್ತುಹೋಗಿತ್ತು. ಅದನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಕೂಡಿಸಿ ಹೊಲಿದರು.

ಇಲ್ಲಿಂದ ಮುಂದೆ ನನ್ನ ಉದ್ಯೋಗ ದುಭಾಷಿಯದು. ಅವ್ವನಿಗೆ ಬರುತ್ತಿದ್ದ ಮರಾಠಿ ಎರಡೇ ಮಾತು: ‘ಬರಂ’ ಮತ್ತು ‘ನಾಹೀ’. ದಾದಿಯರು ಅಕ್ಕರೆಯಿಂದ “ಆಜೀ, ದುಖತಂ ಕಾ?” ಎಂದು ನೋವಿನ ವಿಷಯ ಕೇಳಿದರೆ “ನಾಹೀ” ಎನ್ನುವಳು. ಸೂಜಿ ಚುಚ್ಚುವೆವೆಂದರೆ “ಬರಂ” ಎನ್ನುವಳು. ಪರರ ಮನೆಯಲ್ಲಿ ಕೊರತೆ ಹೇಳಬಾರದೆಂಬುದು ಅವಳು ಕಲಿತ ನಡತೆ. ಆಸ್ಪತ್ರೆಯನ್ನೂ ಆಕೆ ಪರರ ಮನೆಯೆಂದೇ ತಿಳಿದಿದ್ದಳು.

ಎರಡನೆಯ ದಿನ ಎದೆಯಲ್ಲಿ ಕಫ ಕಟ್ಟಿದಂತಾಗಿ ಎದೆಯ ಚಿತ್ರ ತೆಗೆದರು. ಈಗ ಮೊದಲಿನಂತೆ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ನೋಡುವುದು ಕಡಮೆಯಾಗಿದೆ. ಚಿತ್ರ ನೇರವಾಗಿ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತದೆ. ಅದನ್ನು ನೋಡುತ್ತಿದ್ದ ಕಿರಿಯ ಡಾಕ್ಟರಮ್ಮ ಮುಗುಳ್ನಕ್ಕು ನನ್ನನ್ನು ಕರೆದು ತೋರಿಸಿದರು. ಬಲಗಡೆ, ಎದೆಗೂ ಹೊಟ್ಟೆಗೂ ನಡುವಿನ ವಪೆಯ ಕೆಳಗೆ, ಬಿದಿಗೆಯ ಚಂದ್ರನಂತೆ ಬಾಗಿದ ಒಂದು ತೆಳ್ಳನೆಯ ಗೆರೆ. ಚಂದ್ರ ಬೆಳ್ಳಗಿದ್ದರೆ ಇದು ಕಪ್ಪು. “ಇದು ಗಾಳಿ” ಎಂದರು. ಕರುಳು ತೂತಾದರೆ ಅಲ್ಲಿ ಗಾಳಿ ಕಾಣುತ್ತದೆಂದು ನಾನು ಎಲ್ಲೋ ಓದಿದ್ದೆ. ನನ್ನ ಕೈಕಾಲು ತಣ್ಣಗಾದುವು. ಆಕೆ ನನ್ನನ್ನು ಕೂರಿಸಿ ಸಾವಧಾನವಾಗಿ ವಿವರಿಸಿದರು. ಆ ವಿವರಣೆಯನ್ನು ವಾಚಕರಿಗೂ ಹೇಳುತ್ತೇನೆ.

ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ಎಂಬ ಊರಿನಲ್ಲಿ ರಾಂಟ್ಜನ್ ಎಂಬ ಪ್ರಾಧ್ಯಾಪಕರು ೧೮೯೫ನೆಯ ನವೆಂಬರ್ ೮ರಂದು ಈ ಕಿರಣಗಳನ್ನು ಕಂಡರು. ಇವು ಏನೆಂದು ತಿಳಿಯದ್ದರಿಂದ, ಗಣಿತದಲ್ಲಿ ತಿಳಿಯದ ಸಂಖ್ಯೆಗೆ ಇಡುವ ಅಕ್ಷರವನ್ನೇ ಅವಕ್ಕೆ ಹೆಸರಾಗಿ ಇಟ್ಟರು. ನಮ್ಮವರು ಅದನ್ನು ‘ಕ್ಷ’ ಮಾಡಿಕೊಂಡರು. ಅದೇ ಡಿಸೆಂಬರಿನಲ್ಲಿ ಅವರು ತಮ್ಮ ಪತ್ನಿಯ ಕೈಯ ಚಿತ್ರ ತೆಗೆದರು. ಬೆರಳೆಲುಬುಗಳೂ ಉಂಗುರವೂ ಅದರಲ್ಲಿ ಮೂಡಿದುವು. ೧೯೦೧ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ಅವರಿಗೇ ಸಂದಿತು. ಈ ಕಿರಣದ ಗುಣ ಸರಳವಾದದ್ದು. ಎಲುಬಿನಂಥ ಗಟ್ಟಿ ಪದಾರ್ಥ ಅದನ್ನು ತಡೆಯುತ್ತದೆ, ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಗಾಳಿ ತಡೆಯುವುದಿಲ್ಲ, ಕಪ್ಪಗೆ ಕಾಣುತ್ತದೆ. ಮಾಂಸವೂ ನೀರೂ ನಡುವಿನ ಬೂದಿಬಣ್ಣ.

ನಮ್ಮ ಹೊಟ್ಟೆಯಲ್ಲಿ ಗಾಳಿಯಿರುವುದು ಜಠರ ಮತ್ತು ಕರುಳಿನ ಒಳಗೆ. ಅವುಗಳ ಹೊರಗೆ, ಹೊಟ್ಟೆಯ ಪೊಳ್ಳಿನಲ್ಲಿ ಗಾಳಿ ಇರತಕ್ಕದ್ದಲ್ಲ. ಕರುಳಿಗೆ ತೂತು ಬಿದ್ದರೆ ಒಳಗಿನ ಗಾಳಿ ಹೊರಬೀಳುತ್ತದೆ. ಗಾಳಿ ಹಗುರವಾದ್ದರಿಂದ ಮನುಷ್ಯ ನೆಟ್ಟಗೆ ಕುಳಿತಾಗ ಅದು ಮೇಲಕ್ಕೇರಿ ವಪೆಯ ಅಡಿಯಲ್ಲಿ ನಿಲ್ಲುತ್ತದೆ. ಬಲಗಡೆ ಅದರ ಕೆಳಗೆ ಯಕೃತ್ತು ಬೆಳ್ಳಗೆ ಇರುವುದರಿಂದ ಕಪ್ಪು ಗೆರೆ ಎದ್ದು ಕಾಣುತ್ತದೆ. ಎಡಗಡೆ ಜಠರದೊಳಗಿನ ಸಹಜವಾದ ಗಾಳಿಯೇ ಕಾಣುವುದರಿಂದ ಅಲ್ಲಿ ಮೋಸ ಹೋಗುವ ಸಂಭವ ಹೆಚ್ಚು. ಎಚ್ಚರಿಕೆಯಿಂದ ತೆಗೆದರೆ ಒಂದೇ ಮಿಲಿಲೀಟರ್ ಗಾಳಿ, ಎಂದರೆ ಚಹದ ಚಮಚೆಯ ಐದರಲ್ಲೊಂದು ಪಾಲು, ಸಹ ಚಿತ್ರಕ್ಕೆ ಸಿಗುತ್ತದಂತೆ. ಆದರೆ ಚಿತ್ರ ತೆಗೆಯುವ ಮುಂಚೆ ರೋಗಿ ಐದು ಹತ್ತು ನಿಮಿಷ ನೆಟ್ಟಗೆ ಕುಳಿತಿರಬೇಕು. ಗಾಳಿ ಮೇಲೇರಲು ಅಷ್ಟು ಹೊತ್ತು ಬೇಕು. ಕೂರಲಾರದವರನ್ನು ಎಡಮಗ್ಗುಲಾಗಿ ಮಲಗಿಸಿ ಅಡ್ಡದಿಂದ ಚಿತ್ರ ತೆಗೆಯುತ್ತಾರೆ. ಆಗ ಗಾಳಿ ಯಕೃತ್ತಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅಂಗಾತ ಮಲಗಿದವರಲ್ಲಿ ಅದು ಹರಡಿಕೊಂಡು ಕಣ್ತಪ್ಪಿಸಬಹುದು.

“ಹಾಗಾದರೆ ಅವ್ವನಿಗೆ?” ಎಂದೆ.

“ಹೊಟ್ಟೆ ಕೊಯ್ಯದ ರೋಗಿಯಲ್ಲಿ ಈ ಗೆರೆ ಕಂಡರೆ ಹೆಚ್ಚು ಪಾಲು ತೂತಾಗಿದೆ ಎಂದೇ ಅರ್ಥ. ನಿಮ್ಮ ತಾಯಿಯ ಹೊಟ್ಟೆಯನ್ನು ಮೊನ್ನೆ ನಾವೇ ತೆರೆದಿದ್ದೇವೆ. ಆಗ ಒಳಹೊಕ್ಕ ಕೋಣೆಯ ಗಾಳಿ ಇದು. ದಿನದಿನಕ್ಕೆ ಮೈ ಇದನ್ನು ಹೀರಿಕೊಳ್ಳುತ್ತದೆ” ಎಂದರು. ಸಾಮಾನ್ಯವಾಗಿ ಒಂದು ವಾರದಲ್ಲಿ ಅದು ಕರಗುತ್ತದೆ, ಕೆಲವರಲ್ಲಿ ಇನ್ನೂ ತಡವಾಗುತ್ತದೆ. ಈಗ ಬಹಳವಾಗಿ ನಡೆಯುತ್ತಿರುವ ದುರ್ಬೀನಿನ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆ ಉಬ್ಬಿಸಲು ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಅದು ರಕ್ತದಲ್ಲಿ ಬೇಗ ಕರಗುವುದರಿಂದ ಹೆಚ್ಚಿನವರಲ್ಲಿ ಮೂರು ದಿನದೊಳಗೆ ಕಾಣದಂತಾಗುತ್ತದೆ. ಹೀಗೆ, ಬೇರೆಯವರಲ್ಲಿ ಅಪಾಯದ ಗಂಟೆಯಾದ ಗೆರೆ ಹೊಸದಾಗಿ ಕೊಯ್ಯಿಸಿಕೊಂಡವರಲ್ಲಿ ಸಹಜವಾದದ್ದು. ಕೋಣೆಯಿಂದ ಬಂದ ಗಾಳಿಗೂ ಕರುಳಿನಿಂದ ಸೋರಿದ ಗಾಳಿಗೂ ಚಿತ್ರದಲ್ಲಿ ಬಣ್ಣ ಒಂದೇ.

ನನಗೆ ಹೋದ ಜೀವ ಬಂದಂತಾಯಿತು. ನಾನು ಕೆಟ್ಟದ್ದೂ ಅಲ್ಲಿಯೇ. ಚಿತ್ರ ತೆಗೆದಾಯಿತು, ದೊಡ್ಡವರು ನೋಡಿದ್ದಾಯಿತು, ಇನ್ನೇತರ ಚಿಂತೆ ಎಂದು ಮನಸ್ಸು ಸಡಿಲ ಬಿಟ್ಟೆ.

ನಾಲ್ಕನೆಯ ದಿನ ಮಧ್ಯಾಹ್ನ ಅವ್ವ ಹೇಳಿದಳು: “ಬಲಗಡಿ ಹೆಗಲಾಗ ಚಳಕು ಹೊಡದಂಗ ಆಗತೈತಿ, ಯವ್ವಾ.”

“ಹಾಸಿಗಿ ಬಿರುಸೈತಿ. ಒಂದ ಮಗ್ಗಲಾಗಿ ಮಲಗೀದಿ, ಅದಕ್ಕ ಹಂಗ ಆಗೈತಿ ಬಿಡು” ಎಂದು ಒಂದಿಷ್ಟು ತಿಕ್ಕಿದೆ.

ಸಂಜೆ ಡಾಕ್ಟರು ಬಂದು, ಹೊಸದಾಗಿ ಏನಾದರೂ ತೊಂದರೆಯುಂಟೆ ಎಂದು ಮರಾಠಿಯಲ್ಲಿ ಕೇಳಿದರು. ಕೊಯ್ದದ್ದು ಹೊಟ್ಟೆ. ಹೆಗಲಿಗೂ ಅದಕ್ಕೂ ಏನು ಸಂಬಂಧ? ಹತ್ತಾರು ರೋಗಿಗಳನ್ನು ನೋಡಬೇಕಾದವರ ಹೊತ್ತನ್ನು ಇಂಥ ಚಿಲ್ಲರೆ ಮಾತಿಗೆ ಹಾಳುಮಾಡುವುದೆಂತು? “ವಿಶೇಷವೇನಿಲ್ಲ” ಎಂದೆ. ಅವ್ವನನ್ನೂ ಕೇಳಿದರು. ಅವಳು ಎಂದಿನಂತೆ “ನಾಹೀ” ಎಂದಳು.

ಐದನೆಯ ದಿನ ಅವಳು ಗಂಜಿ ಒಲ್ಲೆನೆಂದಳು. ಮೈ ಬೆಚ್ಚಗಿತ್ತು. “ಹೊಟ್ಟಿ ಬಿಗದಂಗಾಗೈತಿ” ಎಂದಳು. ಗಾಳಿ ತುಂಬಿರಬೇಕೆಂದು ನಾನೇ ನಿರ್ಣಯಿಸಿಬಿಟ್ಟೆ. ಪರದೇಶದಲ್ಲಿ ಬಹಳ ದಿನ ಇದ್ದವರಿಗೆ ಒಂದು ರೋಗ ತಗಲುತ್ತದೆ. ನಮ್ಮವರು ಹೇಳಿದ್ದನ್ನು ಹಾಗೆಯೇ ದಾಟಿಸುವುದಕ್ಕೆ ನಾಚಿಕೆ. ಹಳ್ಳಿಯ ಮಾತು, ಪೇಟೆಯವರು ಏನೆಂದುಕೊಂಡಾರು ಎಂದು ಅದನ್ನು ಸೋಸಿ, ಮೊಟಕು ಮಾಡಿ, ಮರ್ಯಾದೆಯ ಮಾತಾಗಿಸಿ ಕೊಡುತ್ತೇವೆ. ಹಾಗೆ ಸೋಸುವಾಗ ಏನು ಚೆಲ್ಲಿಹೋಯಿತೆಂದು ನಮಗೇ ತಿಳಿಯುವುದಿಲ್ಲ.

ಆ ರಾತ್ರಿ ಹತ್ತು ಗಂಟೆಗೆ ನಾನು ಚಹ ಕುಡಿಯಲು ಕೆಳಗಿಳಿದಿದ್ದೆ. ವಾರ್ಡು ಗುಡಿಸುವ ಹೆಂಗಸೊಬ್ಬಳಿದ್ದಳು. ಇಲ್ಲಿಯವರು ಅಂಥವರನ್ನು ‘ಮಾವಶಿ’ ಎನ್ನುತ್ತಾರೆ. ಆಕೆ ವಿಜಯಪುರ ಜಿಲ್ಲೆಯಿಂದ ಕೂಲಿಗೆಂದು ಬಂದು ಇಲ್ಲಿಯೇ ನೆಲೆನಿಂತವಳು. ಅವ್ವ ನರಳುವುದು ಕೇಳಿ ಹತ್ತಿರ ಬಂದು “ಏನಾತವ್ವಾ?” ಎಂದಳಂತೆ. ಐದು ದಿನಗಳ ಮೇಲೆ ಪರರ ಬಾಯಲ್ಲಿ ತನ್ನ ಮಾತು ಕೇಳಿ ಅವ್ವನ ಕಟ್ಟೆ ಒಡೆಯಿತು. ಹೆಗಲು ಕಡಿಯುತ್ತದೆ, ಉಸಿರೆಳೆದರೆ ಚುಚ್ಚುತ್ತದೆ, ಹೊಟ್ಟೆ ಹಲಗೆಯಾಗಿದೆ, ಮಗಳಿಗೆ ಹೇಳಿದರೆ ಹೆದರುತ್ತಾಳೆ ಎಂದೆಲ್ಲ ಹೇಳಿಕೊಂಡಳು. ಮಾವಶಿ ಕಸಬರಿಗೆ ಅಲ್ಲಿಯೇ ಇಟ್ಟು ನೇರವಾಗಿ ದಾದಿಯ ಬಳಿಗೆ ಹೋದಳು. ಕೇಳಿದ ಮಾತನ್ನು ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ ಮರಾಠಿಯಲ್ಲಿ ಒಪ್ಪಿಸಿದಳು.

ನಾನು ಮೇಲೆ ಬರುವ ಹೊತ್ತಿಗೆ ಅವ್ವನ ಸುತ್ತ ನಾಲ್ವರು ನಿಂತಿದ್ದರು. ನಾಡಿ ನಿಮಿಷಕ್ಕೆ ೧೨೪. ಹಿರಿಯ ಸರ್ಜನರಿಗೆ ದೂರವಾಣಿ ಹೋಗಿತ್ತು. ಮತ್ತೆ ಕ್ಷ-ಕಿರಣ. ಅವ್ವನಿಗೆ ಕೂರಲು ತ್ರಾಣವಿರಲಿಲ್ಲ. ಬೆನ್ನಿಗೆ ದಿಂಬಿಟ್ಟು, ಆಚೆಯಿಂದ ಮಾವಶಿ, ಈಚೆಯಿಂದ ನಾನು ಹಿಡಿದು ಕೂರಿಸಿದೆವು. ಆ ಹತ್ತು ನಿಮಿಷ ನನಗೆ ಹತ್ತು ವರ್ಷವಾಯಿತು. ಚಿತ್ರ ತೆಗೆಯುವಾಗ ನಮಗೂ ಸೀಸದ ಮೇಲಂಗಿ ತೊಡಿಸಿದರು.

ಕಿರಿಯ ಡಾಕ್ಟರಮ್ಮ ಎರಡನೆಯ ದಿನದ ಚಿತ್ರವನ್ನೂ ಈ ಚಿತ್ರವನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು. ಯಾರೂ ನನಗೆ ಅರ್ಥ ಹೇಳಬೇಕಾಗಿರಲಿಲ್ಲ. ಬಿದಿಗೆಯ ಗೆರೆ ಪಂಚಮಿಯದಾಗಿತ್ತು. “ಕೊಯ್ದಾಗ ಹೊಕ್ಕ ಗಾಳಿ ಕಡಮೆಯಾಗುತ್ತ ಹೋಗಬೇಕು, ಅದು ಹೆಚ್ಚುವುದೆಂದಿಲ್ಲ. ಹೆಚ್ಚಿದರೆ ಹೊಸ ಗಾಳಿ ಎಲ್ಲಿಂದಲೋ ಬರುತ್ತಿದೆ” ಎಂದರು ಸರ್ಜನರು. ಆ ಒಂದು ಚಿತ್ರವನ್ನಷ್ಟೇ ನೋಡಿದ್ದರೆ ಸಂಶಯ ಉಳಿಯುತ್ತಿತ್ತು. ಎರಡನ್ನೂ ಹೋಲಿಸಿದ್ದರಿಂದ ತಿಳಿಯಿತು.

ಇನ್ನೂ ಖಚಿತ ಮಾಡಿಕೊಳ್ಳಲು ಸಿ.ಟಿ. ಯಂತ್ರಕ್ಕೆ ಒಯ್ದರು. ಇದೂ ಕ್ಷ-ಕಿರಣದ್ದೇ ಕೆಲಸ. ಸುತ್ತಲಿಂದ ಚಿತ್ರ ತೆಗೆದು, ಮೈಯನ್ನು ಸೌತೆಕಾಯಿಯ ಬಿಲ್ಲೆಗಳಂತೆ ಅಡ್ಡ ಸೀಳಿ ತೋರಿಸುತ್ತದೆ. ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಎಂಬವರ ಯಂತ್ರದಲ್ಲಿ ೧೯೭೧ರಲ್ಲಿ ಮೊದಲ ರೋಗಿಯ ಚಿತ್ರ ತೆಗೆದರು. ೧೯೭೯ರಲ್ಲಿ ಅವರಿಗೂ ಕಾರ್ಮ್ಯಾಕ್ ಎಂಬ ವಿಜ್ಞಾನಿಗೂ ನೊಬೆಲ್ ಬಂತು. ಅವ್ವನಿಗೆ ಮೂಗಿನ ನಳಿಗೆಯಿಂದ ನೀರಿನಲ್ಲಿ ಕರಗುವ ಒಂದು ಔಷಧ ಹಾಕಿದರು. ಅದು ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಇಂಥ ಪರೀಕ್ಷೆಗಳಲ್ಲಿ ಬಳಸುವ ಬೇರಿಯಂ ಎಂಬುದೊಂದಿದೆ. ಆದರೆ ತೂತಿನಿಂದ ಹೊಟ್ಟೆಗೆ ಸೋರಿದರೆ ಅದು ಉರಿಯೂತ ಮಾಡುವುದರಿಂದ ತೂತಿನ ಸಂಶಯವಿದ್ದಾಗ ಕೊಡುವುದಿಲ್ಲವಂತೆ. ಚಿತ್ರದಲ್ಲಿ ಆ ಬಿಳಿ ಔಷಧ ಹೊಲಿಗೆಯ ಬಳಿ ಕರುಳಿನಿಂದ ಹೊರಕ್ಕೆ ಚಿಮ್ಮಿದ್ದು ಕಂಡಿತು.

“ಹೆಗಲುನೋವು ಯಾವಾಗಿನಿಂದ?” ಎಂದು ಸರ್ಜನರು ಕೇಳಿದರು.

“ನಿನ್ನೆ ಮಧ್ಯಾಹ್ನದಿಂದ” ಎನ್ನುವ ಎರಡು ಮಾತು ನನ್ನ ಗಂಟಲಿನಿಂದ ಹೊರಡಬೇಕಾದರೆ ಸಾಕುಸಾಕಾಯಿತು. ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಹೆಗಲಿನ ಚರ್ಮದ ನರಗಳೂ ಅಲ್ಲಿಂದಲೇ. ವಪೆಯ ಅಡಿಯಲ್ಲಿ ಗಾಳಿಯೋ ಕೀವೋ ಕಾಟ ಕೊಟ್ಟರೆ ಮಿದುಳು ಅದನ್ನು ಹೆಗಲಿನ ನೋವೆಂದು ತಿಳಿಯುತ್ತದೆ. ಇದನ್ನು ಎರಡು ಮಾತಿನಲ್ಲಿ ಹೇಳಿ ಅವರು ಕೈ ತೊಳೆಯಲು ನಡೆದರು. ಹೆಗಲು ನೊಂದ ಎಲ್ಲರಿಗೂ ಕರುಳು ಸೋರಿರುತ್ತದೆಂದಲ್ಲ. ದುರ್ಬೀನಿನ ಶಸ್ತ್ರಚಿಕಿತ್ಸೆಯಾದವರಿಗೆ ಒಂದೆರಡು ದಿನ ಹೆಗಲು ನೋಯುವುದು ಸಾಮಾನ್ಯ. ಆದರೆ ಅದು ಯಾವುದು, ಇದು ಯಾವುದು ಎಂದು ಆರಿಸುವ ಕೆಲಸ ವೈದ್ಯರದು. ನಾನು ಅದನ್ನು ಕೈಗೆತ್ತಿಕೊಂಡಿದ್ದೆ.

ನಸುಕಿನಲ್ಲಿ ಎರಡನೆಯ ಸಲ ಹೊಟ್ಟೆ ತೆರೆದರು. ಹೊಲಿಗೆಯ ಒಂದು ಬದಿ ಬಿಟ್ಟುಕೊಂಡಿತ್ತು. ಎಷ್ಟು ಚೆನ್ನಾಗಿ ಹೊಲಿದರೂ ಕೆಲವರಲ್ಲಿ ಹೀಗಾಗುವುದುಂಟು, ನಾಲ್ಕೈದನೆಯ ದಿನದಿಂದ ಒಂದು ವಾರದವರೆಗಿನ ಕಾಲ ಇದಕ್ಕೆ ಕಣ್ಣಿಡಬೇಕಾದ ಕಾಲ ಎಂದು ಆಮೇಲೆ ತಿಳಿದೆ. ಹೊಟ್ಟೆಯನ್ನು ತೊಳೆದು, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರತಂದು ಚೀಲ ಕಟ್ಟಿದರು. ಐದು ದಿನ ಅವ್ವ ತೀವ್ರ ನಿಗಾ ಘಟಕದಲ್ಲಿದ್ದಳು. ಅಣ್ಣ ಗದಗಿನಿಂದ ಓಡಿಬಂದ. ಅವನಿಗೆ ನಾನು ಹೆಗಲಿನ ಮಾತು ಹೇಳಲಿಲ್ಲ. ಅವನ ಮುಖ ನೋಡಿ ಹೇಳಲಾರದೆ ಹೋದೆ.

ನಮ್ಮ ಮುತ್ತಜ್ಜ ವಿಷಮಶೀತಜ್ವರದಲ್ಲಿ, ಮೂರನೆಯ ವಾರ ಹೊಟ್ಟೆ ಕಲ್ಲಾಗಿ ತೀರಿಕೊಂಡನೆಂದು ಅವ್ವ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ಆ ಜ್ವರದಲ್ಲಿ ಕರುಳು ತೂತಾಗುವುದು ಹೆಚ್ಚಾಗಿ ಆ ಹೊತ್ತಿಗೇ. ಅವನ ಕಾಲದಲ್ಲಿ ಹಳ್ಳಿಯಲ್ಲಿ ಕ್ಷ-ಕಿರಣವೆಲ್ಲಿ, ಸರ್ಜನರೆಲ್ಲಿ? ಅವನಿಗೆ ಏನಾಗಿದೆಯೆಂದು ತಿಳಿದವರೇ ಇರಲಿಲ್ಲ. ಅವ್ವನ ಸುತ್ತ ಎಲ್ಲ ಯಂತ್ರಗಳೂ ಇದ್ದುವು, ಬಲ್ಲವರೂ ಇದ್ದರು. ಕೊರತೆಯಾದದ್ದು ಬಾಯಿಂದ ಕಿವಿಗೆ ಒಂದು ಮಾತು ಸೇರಲಿಲ್ಲವೆಂಬುದು ಮಾತ್ರ.

ಅವ್ವ ಗಟ್ಟಿ ಜೀವ. ಮೂರು ತಿಂಗಳು ಆ ಚೀಲದೊಡನೆ ನಮ್ಮ ಮನೆಯಲ್ಲಿಯೇ ಇದ್ದಳು. ಮೊದಮೊದಲು ನಾಚಿ ಅತ್ತಳು. ಆಮೇಲೆ ಅದನ್ನು ‘ನನ್ನ ಕೂಸು’ ಎಂದು ಕರೆದು ತಾನೇ ಶುಚಿ ಮಾಡತೊಡಗಿದಳು. ಮಾವಶಿ ರಜೆಯ ದಿನ ಜೋಳದ ಹಿಟ್ಟು ಹಿಡಿದು ಬಂದು ರೊಟ್ಟಿ ಬಡಿದುಕೊಟ್ಟು ಹೋಗುವಳು. ಮೂರನೆಯ ಶಸ್ತ್ರಚಿಕಿತ್ಸೆಯಲ್ಲಿ ಕರುಳನ್ನು ಮತ್ತೆ ಒಳಗೆ ಸೇರಿಸಿದರು. ಈ ಸಲ ದಿನಕ್ಕೆರಡು ಬಾರಿ ನಾನು ಅವ್ವನನ್ನು ಅಡಿಯಿಂದ ಮುಡಿಯವರೆಗೆ ಕೇಳುತ್ತಿದ್ದೆ. ಅವಳು ಹೇಳಿದ್ದನ್ನು ಒಂದು ವಹಿಯಲ್ಲಿ ಅವಳ ಮಾತಿನಲ್ಲಿಯೇ ಬರೆದು, ಡಾಕ್ಟರು ಬಂದಾಗ ಓದಿ ಅರ್ಥ ಹೇಳುತ್ತಿದ್ದೆ. ಕಿವಿ ತುರಿಸಿದ್ದೂ ಅದರಲ್ಲಿತ್ತು. ಡಾಕ್ಟರಮ್ಮ ನಗುತ್ತಿದ್ದರು, ಆದರೆ ಒಂದು ದಿನವೂ ಸಾಕೆನ್ನಲಿಲ್ಲ.

ಊರಿಗೆ ಹೊರಡುವ ಮುನ್ನಾದಿನ ಅವ್ವನನ್ನು ಕಾತ್ರಜದ ಕೆರೆಗೆ ಕರೆದೊಯ್ದೆವು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ನಾನಾಸಾಹೇಬ ಪೇಶ್ವೆಯವರು ಇಲ್ಲಿಯ ನೀರನ್ನು ನೆಲದೊಳಗಿನ ಕಾಲುವೆಯಲ್ಲಿ ಶನಿವಾರವಾಡೆಯವರೆಗೂ, ಹಳೆಯ ಪೇಟೆಯ ಹೌದುಗಳವರೆಗೂ ಒಯ್ದಿದ್ದರು. ಯಾವ ಯಂತ್ರವೂ ಇಲ್ಲದೆ ಇಳಿಜಾರಿನ ಬಲದಿಂದಲೇ ನೀರು ಹರಿಯುತ್ತಿತ್ತು. ದಾರಿಯುದ್ದಕ್ಕೂ ಗಾಳಿಯಾಡಲೆಂದು ಬಾವಿಯಂಥ ಕಿಂಡಿಗಳುಂಟು. ಅವಕ್ಕೆ ‘ಉಚ್ಛ್ವಾಸ’ ಎಂದು ಹೆಸರು. ನಮ್ಮ ಮನೆಯವರು ಇದನ್ನೆಲ್ಲ ವಿವರಿಸುತ್ತಿದ್ದರೆ ಒಕ್ಕಲುಮನೆಯ ಅವ್ವನಿಗೆ ಬೇರೆಯೇ ಯೋಚನೆ: “ಇಷ್ಟುದ್ದದ ಕಾಲುವಿ ನೆಲದಾಗ ಐತಿ. ನಡುವ ಎಲ್ಲೆರ ಸೋರಿದರ ಹೆಂಗ ತಿಳೀತಿತ್ತು?” ಎಂದಳು. ತಾನೇ ಉತ್ತರವನ್ನೂ ಹೇಳಿದಳು: “ಮ್ಯಾಲಿನ ನೆಲ ಹೇಳತೈತಿ. ನೋಡವರು ಬೇಕು, ಅಷ್ಟ.”

ಆಗ ನನಗೆ ತಡೆಯಲಾಗಲಿಲ್ಲ. ಕೆರೆಯ ಕಟ್ಟೆಯ ಮೇಲೆಯೇ ಹೆಗಲಿನ ಮಾತು ಹೇಳಿಬಿಟ್ಟೆ. ಡಾಕ್ಟರು ಕೇಳಿದರು, ನಾನು ಹೇಳಲಿಲ್ಲ, ಒಂದು ದಿನ ಹೆಚ್ಚುಕಡಮೆ ಆಗಿದ್ದರೆ ನಿನ್ನನ್ನು ಕಳೆದುಕೊಳ್ಳುತ್ತಿದ್ದೆ ಎಂದೆ. ಅವ್ವ ಬಹಳ ಹೊತ್ತು ನೀರನ್ನೇ ನೋಡುತ್ತ ಕುಳಿತಳು.

“ನನಗೂ ಕೇಳಿದ್ರಲ್ಲ, ನಾನೂ ನಾಹೀ ಅಂದೆ. ನೀ ಹೆದರತೀ ಅಂತ ನಾ ಮುಚ್ಚಿಟ್ಟೆ, ಅವರು ಏನಂತಾರೋ ಅಂತ ನೀ ಮುಚ್ಚಿಟ್ಟಿ. ಇಬ್ಬರೂ ಕೂಡೇ ಸುಳ್ಳ ಹೇಳೀವಿ. ನಡಿ, ಹೊತ್ತಾತು” ಎಂದಳು.

ಮರುದಿನ ರಾತ್ರಿ ಕಾತ್ರಜದ ಚೌಕದಲ್ಲಿ ಬಸ್ಸು ಹತ್ತಿಸಿದೆವು. ಅವಳ ಕೈಚೀಲದಲ್ಲಿ ಎಲ್ಲ ಚಿತ್ರಗಳನ್ನೂ ತಾರೀಖು ಬರೆದು, ಸಾಲಾಗಿ ಜೋಡಿಸಿ ಇಟ್ಟಿದ್ದೆ. ಮುಂದೆಂದಾದರೂ ಹೊಟ್ಟೆ ನೊಂದರೆ ಅಲ್ಲಿಯ ವೈದ್ಯರಿಗೆ ಹೋಲಿಸಿ ನೋಡಲು ಬೇಕಾದೀತು. ಅವುಗಳ ಜೊತೆಗೆ ಆ ವಹಿಯನ್ನೂ ಇಟ್ಟೆ. ಅದರ ಕಡೆಯ ಪುಟದಲ್ಲಿ ಅವ್ವನಿಗಾಗಿ ಒಂದು ಮರಾಠಿ ಮಾತನ್ನು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದಿದ್ದೆ, ಮುಂದಿನ ಶ್ರಾವಣಕ್ಕೆ ಬಂದಾಗ ಬೇಕಾದರೆ ಇರಲಿ ಎಂದು: ‘ಹೋ, ದುಖತಂ’. ಹೌದು, ನೋಯುತ್ತದೆ.